ಕೀನ್ಯಾಗೆ ಹೋಗೋ ಮುಂಚೆ ಒಂದ್ಸಲ ಗೂಡಿನ ಮಾರ್ಕೆಟ್‌ಗೆ ಬನ್ನಿ

(1/4)
ಸ್ಟೋರಿ ನೋಡ್ದೆ ಮಗಾ. "ಬಡ ದೇಶದ ಸಣ್ಣ ವ್ಯಾಪಾರಿಗಳಿಗೆ ನೆರವಾಗೋಕೆ ಆರು ವಾರ ಕೀನ್ಯಾಗೆ ಹೋಗ್ತಿದ್ದೀನಿ, ಕೈಲಾದಷ್ಟು ಸಹಾಯ ಮಾಡಿ" ಅಂತ, ಕೆಳಗೆ ಕ್ಯೂಆರ್ ಕೋಡ್. ನಮ್ಮ ಬ್ಯಾಚಿಂದ ಇದು ಮೂರನೇದು. ಯಾರ ಹೆಸರೂ ಹೇಳಲ್ಲ, ಟ್ಯಾಗೂ ಮಾಡಲ್ಲ. ಆದ್ರೆ ದುಡ್ಡು ಕೇಳಿರೋದು ಎಲ್ಲರ ಹತ್ರ, ಹಂಗಾಗಿ ಉತ್ತರಾನೂ ಎಲ್ಲರ ಮುಂದೆ.

ನಾನು ಕೊಡಲ್ಲ. ನೀವೂ ಕೊಡ್ಬೇಡಿ.

ಪೋಸ್ಟಲ್ಲಿ ಖರ್ಚಿನ ಪಟ್ಟಿ ಹಾಕಿದ್ದಾರೆ, ಅದಕ್ಕೆ ಮೆಚ್ಚಬೇಕು. ವಿಮಾನ, ವೀಸಾ, ಇನ್ಶೂರೆನ್ಸ್, ಪ್ರೋಗ್ರಾಂ ಫೀ, ಊಟ, ರೂಮು. ಇನ್ನೊಂದ್ಸಲ ಓದಿ. ಆ ಊರಿನ ಅಂಗಡಿಯಾಕೆ ಕೈಗೆ ಹೋಗೋ ದುಡ್ಡು ಯಾವ ಸಾಲಲ್ಲಿದೆ? ಎಲ್ಲೂ ಇಲ್ಲ. ಅವಳ ಹೆಸರಲ್ಲಿ ಎತ್ತಿದ ದುಡ್ಡು ಏರ್‌ಲೈನ್ಸ್‌ಗೂ ಏಜೆನ್ಸಿಗೂ ಹೋಗುತ್ತೆ.

ಹೋಗಿ ಏನ್ ಮಾಡ್ತೀರಿ? "ಲೆಕ್ಕ ಇಡೋದು, ಮಾರ್ಕೆಟಿಂಗ್ ಹೇಳ್ಕೊಡ್ತೀವಿ." ಸರಿ, ಉಲ್ಟಾ ಮಾಡಿ ನೋಡಿ. ನಮ್ಮ ಬಸ್ ಸ್ಟ್ಯಾಂಡ್ ಹತ್ರ ಇಡ್ಲಿ ಹಾಕೋ ಅಕ್ಕನ ಮುಂದೆ ಇಪ್ಪತ್ತು ವರ್ಷದ ವಿದೇಶಿ ಹುಡುಗ ಬಂದು, ಕನ್ನಡ ಬರದೆ, "ಲೆಕ್ಕ ಬರೀರಿ" ಅಂದ್ರೆ? ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗೋ ಜನ ಎಷ್ಟು ಇಳೀತಾರೆ, ಹಿಂದಿನ ದಿನ ಎಷ್ಟು ಅಕ್ಕಿ ನೆನೆ ಹಾಕ್ಬೇಕು, ಯಾರಿಗೆ ಉದ್ರಿ ಕೊಡ್ಬಾರ್ದು, ಎಲ್ಲಾ ಅವ್ರ ಬಾಯಲ್ಲೇ ಇದೆ. ಅಲ್ಲಿಯವರಿಗೂ ಇರುತ್ತೆ ಕಣ್ರೋ.

(2/4)
ಸಣ್ಣ ವ್ಯಾಪಾರ ಯಾಕೆ ಮುಳುಗುತ್ತೆ ಅಂತ ತಿಳ್ಕೊಳ್ಳೋಕೆ ಪಾಸ್‌ಪೋರ್ಟ್ ಬೇಡ. ನಮ್ಮೂರಲ್ಲೇ ಇದೆ.

1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಕಾಲದಲ್ಲಿ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ರೇಷ್ಮೆ ಅಂದ್ರೆ ನಮ್ಮ ತಾಲೂಕೇ. ಹಿಪ್ಪುನೇರಳೆ ಬೆಳೆಯೋರು, ಗೂಡು ಬಿಚ್ಚೋರು, ಹುರಿ ಮಾಡೋರು, ನೇಯೋರು, ಎಲ್ಲರೂ ಇಲ್ಲೇ. ಇವರಿಗೆಲ್ಲ ಐಡಿಯಾ ಕಡಿಮೆ ಆಗಿತ್ತಾ? 2011ರ ಬಜೆಟ್‌ನಲ್ಲಿ ಡೆಲ್ಲಿಯವರು ಕಚ್ಚಾ ರೇಷ್ಮೆ ಆಮದು ಸುಂಕವನ್ನ ಶೇ. 30ರಿಂದ ಶೇ. 5ಕ್ಕೆ ಇಳಿಸಿದ್ರು. ಚೀನಾ ನೂಲು ಅಗ್ಗ ಆಯ್ತು, ಇಲ್ಲಿ ಗೂಡಿನ ರೇಟು ಬಿತ್ತು. ಒಂದೇ ಒಂದು ಸಾಲಿಗೆ ಕರ್ನಾಟಕದ ಬೆಳೆಗಾರರೆಲ್ಲ ಬೀದಿಗೆ ಬಂದ್ರು. ಆರು ವಾರದ ಯಾವ ವರ್ಕ್‌ಶಾಪ್ ಇದನ್ನ ತಡೀತಿತ್ತು?

ಇನ್ನು ಸಾಲ. ಬಡವರಿಗೆ ಅಡಮಾನ ಇಲ್ಲದೆ ಸಣ್ಣ ಸಾಲ ಕೊಟ್ರೆ ಉದ್ಧಾರ ಆಗ್ತಾರೆ ಅಂತ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ತೋರಿಸ್ತು, 2006ರಲ್ಲಿ ಅದಕ್ಕೂ ಮುಹಮ್ಮದ್ ಯೂನುಸ್‌ಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದೇ ಐಡಿಯಾ ನಮ್ಮ ಕಡೆ ಬರೋವಾಗ ಏನಾಯ್ತು? 2025ರ ಜನವರಿ ನೆನಪಿದೆಯಲ್ಲ. ನಮ್ಮದೇ ಚಾಮರಾಜನಗರ ಜಿಲ್ಲೆ. ವಾರದ ಕಂತು ಕಟ್ಟೋಕಾಗದೆ, ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಕುಟುಂಬಗಳು ಊರು ಬಿಟ್ವು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು: ಕಿರುಕುಳ ಕೊಟ್ರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆ ಸಾಲದ ಅರ್ಜಿಗಳಲ್ಲೂ ಹಸು, ಹೊಲಿಗೆ ಮಿಷನ್, ಚಿಲ್ಲರೆ ಅಂಗಡಿ ಅಂತಾನೇ ಬರೆದಿರ್ತಾರೆ. ಅವೂ "ಸಣ್ಣ ವ್ಯಾಪಾರಕ್ಕೆ ನೆರವು"!

ನಿಮ್ಮ ಕ್ಯೂಆರ್‌ಗೆ ಇನ್ನೂರು ಮುನ್ನೂರು ಹಾಕ್ತಿರೋರಲ್ಲಿ ಸಂಘದ ಕಂತು ಕಟ್ಟೋ ಅಮ್ಮಂದಿರ ಮಕ್ಕಳೂ ಇದ್ದಾರೆ. ಫ್ರೆಂಡ್ ಕೇಳಿದ ಅನ್ನೋ ಮುಲಾಜಿಗೆ ಹಾಕ್ತಾರೆ. ನನಗೆ ಸಿಟ್ಟು ಬಂದಿದ್ದೇ ಅಲ್ಲಿ.

(3/4)
"ನಿಂಗೆ ಹೊಟ್ಟೆಕಿಚ್ಚು" ಅಂತ ಕಮೆಂಟ್ ಬರುತ್ತೆ, ಗೊತ್ತು. ಸ್ವಲ್ಪ ಇದೆ, ನಂಗೂ ವಿಮಾನ ಹತ್ತೋ ಆಸೆ 😅 ಹೋಗಿ ಬನ್ನಿ, ಪ್ರಪಂಚ ನೋಡಿ, ತಪ್ಪೇನಿಲ್ಲ. ಆದ್ರೆ ಟ್ರಿಪ್‌ನ ಟ್ರಿಪ್ ಅಂತ ಕರೀರಿ.

"ವಿದೇಶಿ ಸ್ವಯಂಸೇವಕರಿಂದ ಏನೂ ಆಗೇ ಇಲ್ವಾ?" ಅನ್ನೋದು ನ್ಯಾಯವಾದ ಪ್ರಶ್ನೆ. ಅಮೆರಿಕದ ಪೀಸ್ ಕೋರ್ 1961ರಿಂದ 1976ರವರೆಗೆ ಭಾರತದಲ್ಲಿತ್ತು. ಮೊದಲು ತರಬೇತಿ, ಭಾಷೆ ಕಲಿಕೆ, ಆಮೇಲೆ ಎರಡು ವರ್ಷ ಇಲ್ಲೇ ವಾಸ. ಖರ್ಚು ಅವರ ಸರ್ಕಾರದ್ದು, ಕ್ಲಾಸ್‌ಮೇಟ್ಸ್‌ದಲ್ಲ. ಬ್ರಿಟನ್ ಸರ್ಕಾರದ ಐಸಿಎಸ್ ಅನ್ನೋ ಯೋಜನೇಲಿ 18ರಿಂದ 25 ವಯಸ್ಸಿನವರು ನಿಮ್ಮ ಹಾಗೇ ಫಂಡ್ ಎತ್ತಿ ಹೋಗ್ತಿದ್ರು, ಆದ್ರೆ ಅಲ್ಲಿ ಸ್ಥಳೀಯ ಯುವಕರೂ ಜೊತೆಗೇ ಕೆಲಸ ಮಾಡ್ತಿದ್ರು. ನಿಮ್ಮ ಪ್ರೋಗ್ರಾಂನಲ್ಲಿ ಆ ಊರಿನ ಹುಡುಗರು ಎಷ್ಟು ಜನ? ಕೇಳಿ ನೋಡಿ. ನೀವು ಬಂದ್ಮೇಲೆ ಅಂಗಡಿಯವಳು ಫೋನ್ ಮಾಡಿದ್ರೆ ಯಾರು ಎತ್ತುತ್ತಾರೆ ಅಂತಾನೂ ಕೇಳಿ.

(4/4)
ನಿಜವಾಗ್ಲೂ ಸಣ್ಣ ವ್ಯಾಪಾರಕ್ಕೆ ಹೆಗಲು ಕೊಡ್ಬೇಕಾ? ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ, ಆದ್ರೂ ದುಡ್ಡು ಕೊಟ್ಟು ಮಾಡಿಸ್ಕೊಳ್ಳೋರು ಎಷ್ಟೋ ಜನ. ಬೀದಿ ವ್ಯಾಪಾರಿಗಳ ಸ್ವನಿಧಿ ಸಾಲ 2020ರಲ್ಲಿ 10,000 ರೂಪಾಯಿಯಿಂದ ಶುರುವಾಯ್ತು, ಸರಿಯಾಗಿ ಕಟ್ಟಿದ್ರೆ ಶೇ. 7 ಬಡ್ಡಿ ವಾಪಸ್. ಆ ಇಡ್ಲಿ ಅಕ್ಕನ ಅರ್ಜಿ ಯಾರು ತುಂಬ್ತಾರೆ? ಮಾದೇಶ್ವರ ಬೆಟ್ಟದ ಕಡೆ ಸೋಲಿಗರು ಕಾಡಿಗೆ ಕಂಟಕವಾಗಿರೋ ಲಂಟಾನ ಕಡಿದು ಕುರ್ಚಿ, ಬುಟ್ಟಿ ಮಾಡ್ತಾರೆ, ನಮ್ಮ ಕ್ಲಾಸಲ್ಲಿ ಒಬ್ಬರ ಮನೇಲಾದ್ರೂ ಇದೆಯಾ? ಮಗ್ಗದವರು ಸಾಹುಕಾರರು ಕೊಟ್ಟ ನೂಲಲ್ಲಿ ಸೀರೆ ನೇಯ್ದು ಕೂಲಿ ತಗೋತಾರೆ. ಬೆಂಗಳೂರು ಅಂಗಡೀಲಿ ಹಾಕೋ ರೇಟಿಗೂ ಆ ಕೂಲಿಗೂ ಎಷ್ಟು ದೂರ ಅಂತ ಒಂದ್ಸಲ ಕೂತು ಕೇಳಿ.

ನನಗೆ ಗೊತ್ತಿರೋ ಎರಡು ಮಗ್ಗದ ಮನೆಯವರು ತಾವೇ ನೂಲು ತಂದು ನೇಯ್ದ ಸೀರೆಗಳನ್ನ ನೇರವಾಗಿ ಮಾರೋಕೆ ಒಪ್ಪಿದ್ದಾರೆ. ಫೋಟೋ ಬೇಕು, ರೇಟ್ ಪಟ್ಟಿ ಬೇಕು, ಕೊರಿಯರ್ ಹಾಕೋಕೆ ವಾರಕ್ಕೊಂದು ದಿನ ಓಡಾಡೋರು ಬೇಕು. ಆರು ವಾರ ಅಲ್ಲ, ಕನಿಷ್ಠ ಒಂದು ವರ್ಷ. ಚೆನ್ನಾಗಿರೋ ಕ್ಯಾಮೆರಾ ಫೋನ್ ಇರೋರು, ಬೈಕ್ ಇರೋರು ಡಿಎಂ ಮಾಡಿ. ಕೀನ್ಯಾ ಹುಡುಗ, ನೀನೂ ಮಾಡ್ಬೋದು.

#ಕೊಳ್ಳೇಗಾಲ #ಹನೂರು #ಯಳಂದೂರು #ನಮ್ಮೂರಮಗ್ಗ