ಮಾತು ಬಯಲಲ್ಲಿ, ಮತ ಮರೆಯಲ್ಲಿ



ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮವರಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. "ಬ್ಯಾಂಕು ಫೋನಿನಲ್ಲಿದೆ, ವಿಮಾನದ ಟಿಕೇಟು ಫೋನಿನಲ್ಲಿದೆ, ಊರಿನ ದೇವಸ್ಥಾನದ ಸೇವೆಯನ್ನೂ ಫೋನಿನಲ್ಲೇ ಮಾಡಿಸುತ್ತೇವೆ. ಮತ ಹಾಕುವುದಕ್ಕೆ ಮಾತ್ರ ಇನ್ನೂ ಕಾಗದ, ಪೆನ್ನು, ಲಕೋಟೆ ಏಕೆ?" ಹೀಗೆ ಕೇಳುವವರೇನೂ ತಿಳಿಯದವರಲ್ಲ; ಬಹುಮಂದಿ ಕಂಪ್ಯೂಟರಿನಿಂದಲೇ ಅನ್ನ ಸಂಪಾದಿಸುವವರು. ಅವರ ಮಗ್ಗುಲಲ್ಲಿ ಕುಳಿತ ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಹೋಗಿ, "ಹಾಗಾದರೆ ಶಾಸಕರೇ ಬೇಕಾಗಿಲ್ಲ, ಪ್ರತಿಯೊಂದು ಕಾನೂನನ್ನೂ ನಾವೇ ತೀರ್ಮಾನಿಸಬಹುದು" ಎನ್ನುತ್ತಾರೆ. ಈ ಎರಡು ಮಾತುಗಳನ್ನೂ ಸ್ವಲ್ಪ ನಿಧಾನವಾಗಿ ಯೋಚಿಸಬೇಕೆಂದು ನನ್ನ ಅರಿಕೆ.

ಮೊದಲು ಎರಡನೆಯ ಮಾತನ್ನೇ ತೆಗೆದುಕೊಳ್ಳೋಣ. ನಾವು ನೆಲಸಿರುವ ವಾಷಿಂಗ್ಟನ್ ರಾಜ್ಯದಲ್ಲಿ ಪ್ರಜೆಗಳು ನೇರವಾಗಿ ಕಾನೂನು ಮಾಡುವುದು ಹೊಸದೇನೂ ಅಲ್ಲ. 1912ರಲ್ಲಿ ಮತದಾರರು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯೊಂದನ್ನು ಒಪ್ಪಿ ಈ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಇದರಲ್ಲಿ ಎರಡು ಬಗೆ. ಪ್ರಜೆಗಳೇ ಮಸೂದೆ ಬರೆದು, ಸಹಿ ಕೂಡಿಸಿ, ಮತಕ್ಕೆ ತರುವುದು ಇನಿಷಿಯೇಟಿವ್. ಶಾಸನಸಭೆ ಆಗಲೇ ಮಾಡಿದ ಕಾನೂನನ್ನು ಜನರ ಒಪ್ಪಿಗೆಗೆ ಒಡ್ಡುವುದು ರೆಫರೆಂಡಮ್. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ನೂರಕ್ಕೆ 8ರಷ್ಟು ಸಹಿಗಳು ಮೊದಲನೆಯದಕ್ಕೆ ಬೇಕು. ಎರಡನೆಯದಕ್ಕೆ ನೂರಕ್ಕೆ 4ರಷ್ಟು ಸಾಕು. ಕಿರಾಣಿ ಅಂಗಡಿಯ ಬಾಗಿಲಲ್ಲಿ ಹಲಗೆ ಹಿಡಿದು "ಒಂದು ಸಹಿ ಮಾಡಿ" ಎಂದು ನಮ್ಮನ್ನು ನಿಲ್ಲಿಸುತ್ತಾರಲ್ಲ, ಅವರು ಮಾಡುವ ಕೆಲಸ ಇದೇ. ಸಹಿಯೊಂದಕ್ಕೆ ಇಷ್ಟೆಂದು ಕೂಲಿ ಕೊಟ್ಟು ಇದನ್ನು ಮಾಡಿಸುವುದಕ್ಕೆ ಇಲ್ಲಿ ಅಡ್ಡಿಯಿಲ್ಲ.

ಈ ದಾರಿಯಿಂದ ಒಳ್ಳೆಯದೂ ಬಂದಿದೆ. ಚುನಾವಣೆಗೆ ಯಾರು ಎಷ್ಟು ಹಣ ಕೊಟ್ಟರೆಂಬುದನ್ನು ಬಹಿರಂಗಪಡಿಸಬೇಕೆಂಬ ಕಾನೂನನ್ನು 1972ರಲ್ಲಿ 276ನೆಯ ಇನಿಷಿಯೇಟಿವ್ ಮೂಲಕ ಜನರೇ ಮಾಡಿದರು. ಶಾಸಕರು ತಾವಾಗಿ ಇದನ್ನು ಮಾಡುತ್ತಿದ್ದರೋ ಇಲ್ಲವೋ! ಎಡವಿದ್ದೂ ಉಂಟು. ಕಾರಿನ ವಾರ್ಷಿಕ ಶುಲ್ಕವನ್ನು 30 ಡಾಲರಿಗೆ ಇಳಿಸುವ ಮಸೂದೆ 1999ರಲ್ಲಿ ಗೆದ್ದಿತು. ಅದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟು 2000ದಲ್ಲಿ ತಳ್ಳಿಹಾಕಿತು. ಅದೇ 30 ಡಾಲರಿನ ಮಾತು 2019ರಲ್ಲಿ ಬೇರೆ ಅಂಕಿ ಹೊತ್ತು ಬಂದು ಮತ್ತೆ ಗೆದ್ದಿತು. 2020ರಲ್ಲಿ ಅದೇ ಕೋರ್ಟು ಮತ್ತೆ ತಳ್ಳಿಹಾಕಿತು. ಒಂದೇ ಮಸೂದೆಯೊಳಗೆ ಒಂದಕ್ಕಿಂತ ಹೆಚ್ಚು ವಿಷಯಗಳನ್ನು ತುಂಬಿದ್ದು, ಮತಪತ್ರದ ಮೇಲಿನ ಸಾಲು ಮತದಾರರ ದಾರಿ ತಪ್ಪಿಸುವಂತಿದ್ದುದು, ಇವೇ ಕಾರಣ. ಮೇಲಿನ ನಾಲ್ಕು ಸಾಲು ಮಾತ್ರ ಓದಿ ಗುರುತು ಹಾಕಿದವರಿಗೆ ಒಳಗಿನ ಸಂಗತಿ ಹೇಗೆ ತಿಳಿಯಬೇಕು?

ನೇರ ಮತದ ಫಲ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆಯುಂಟು. 1968ರಲ್ಲಿ ಸಿಯಾಟಲ್ ಪ್ರದೇಶಕ್ಕೆ ನಗರ ರೈಲು ಕಟ್ಟಲು ಸಾಲಪತ್ರ ಎತ್ತಬೇಕೆಂಬ ಪ್ರಸ್ತಾಪ ಜನರ ಮುಂದೆ ಬಂತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಹೌದೆಂದರು. ಆದರೆ ಬೇಕಾಗಿದ್ದುದು ನೂರಕ್ಕೆ 60. 1970ರಲ್ಲಿ ಮತ್ತೆ ಕೇಳಿದಾಗ ಅರ್ಧವೂ ಬರಲಿಲ್ಲ. ಇಲ್ಲಿಗೆ ಬರಬೇಕಾಗಿದ್ದ ಕೇಂದ್ರ ಸರ್ಕಾರದ ಹಣ ಅಟ್ಲಾಂಟಾ ನಗರದ ರೈಲಿಗೆ ಹೋಯಿತು. ಬೆಲ್‌ವ್ಯೂ, ರೆಡ್ಮಂಡ್‌ಗಳ ನಡುವೆ ರೈಲು ಓಡಿದ್ದು 2024ರ ಏಪ್ರಿಲ್‌ನಲ್ಲಿ. 1970ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಐವತ್ತು ದಾಟಿತ್ತು. ಶಾಲೆಯ ಕಟ್ಟಡಕ್ಕೆ ಸಾಲಪತ್ರ ಎತ್ತಬೇಕಾದರೆ ಈಗಲೂ ನೂರಕ್ಕೆ 60 ಬೇಕು. "ನನ್ನೊಬ್ಬನ ಮತದಿಂದ ಏನಾದೀತು?" ಎನ್ನುವ ತಂದೆತಾಯಿಗಳು ಇದನ್ನು ಗಮನಿಸತಕ್ಕದ್ದು.

ಇನ್ನು ಫೋನಿನ ಮಾತು. ಇದರ ಪರೀಕ್ಷೆಯೂ ನಮ್ಮ ಮನೆಯಂಗಳದಲ್ಲೇ ನಡೆದಿದೆ. ಮಣ್ಣು, ನೀರು, ಕಾಡುಗಳ ರಕ್ಷಣೆ ನೋಡಿಕೊಳ್ಳುವ ಕಿಂಗ್ ಕನ್ಸರ್ವೇಷನ್ ಡಿಸ್ಟ್ರಿಕ್ಟ್ ಎಂಬ ಮಂಡಲಿಯೊಂದಿದೆ. ಅದರ ಆಡಳಿತ ಸಮಿತಿಯ ಒಂದು ಸ್ಥಾನಕ್ಕೆ 2020ರ ಜನವರಿ–ಫೆಬ್ರವರಿಯಲ್ಲಿ ಚುನಾವಣೆ ನಡೆದಾಗ, ಸುಮಾರು 12 ಲಕ್ಷ ಮತದಾರರಿಗೆ ಫೋನಿನಿಂದಲೇ ಮತ ಹಾಕುವ ಅವಕಾಶ ಕೊಟ್ಟರು. ಅರ್ಹರಾದ ಎಲ್ಲ ಮತದಾರರಿಗೂ ಹೀಗೆ ಅವಕಾಶ ಕೊಟ್ಟದ್ದು ಅಮೆರಿಕದಲ್ಲಿ ಅದೇ ಮೊದಲು. ಹೆಸರು, ಹುಟ್ಟಿದ ದಿನ ಕೊಟ್ಟು, ಗುರುತು ಹಾಕಿ, ಪರದೆಯ ಮೇಲೆ ಬೆರಳಿನಿಂದ ಸಹಿ ಮಾಡಿದರೆ ಮುಗಿಯಿತು. ಇದಕ್ಕಿಂತ ಸುಲಭ ಇನ್ನೇನಿದೆ? ಆದರೂ ನೂರಕ್ಕೆ ಒಬ್ಬರು ಕೂಡ ಮತ ಹಾಕಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆಗೆ ಕಾಗದ, ಪೆನ್ನು, ಲಕೋಟೆಗಳನ್ನೇ ಹಿಡಿದು ಈ ರಾಜ್ಯದ ನೂರಕ್ಕೆ 84 ಮಂದಿ ನೋಂದಾಯಿತ ಮತದಾರರು ಮತ ಹಾಕಿದರು. ಅಂದಮೇಲೆ ಜನರನ್ನು ತಡೆಯುತ್ತಿರುವುದು ಲಕೋಟೆಯಲ್ಲ. ಏನು ಚುನಾವಣೆ, ಯಾತಕ್ಕೆ ಚುನಾವಣೆ ಎಂಬುದು ತಿಳಿಯದೆ ಇರುವುದೇ ಅವರನ್ನು ತಡೆಯುವುದು.

ಬ್ಯಾಂಕಿನ ಹೋಲಿಕೆ ಕೇಳಲು ಚೆನ್ನ, ಆದರೆ ಹೊಂದುವುದಿಲ್ಲ. ಬ್ಯಾಂಕಿನಲ್ಲಿ ನೂರು ಡಾಲರ್ ಹೆಚ್ಚುಕಡಿಮೆಯಾದರೆ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ದೂರು ಕೊಟ್ಟರೆ ಸರಿಪಡಿಸುತ್ತಾರೆ. ಏಕೆಂದರೆ ಅಲ್ಲಿ ಹಣ ಯಾರದೆಂದು ಬ್ಯಾಂಕಿಗೆ ಗೊತ್ತು. ಮತ ಯಾರದೆಂದು ಯಾರಿಗೂ ಗೊತ್ತಾಗಬಾರದು. ಗುಟ್ಟಾಗಿ ಹಾಕಿದ ಮತವನ್ನು ದಾರಿಯಲ್ಲಿ ಯಾರಾದರೂ ಬದಲಿಸಿದರೆ ದೂರು ಕೊಡುವವರಾರು? ಇದು ಬರಿಯ ಹೆದರಿಕೆಯೂ ಅಲ್ಲ. 2010ರಲ್ಲಿ ರಾಜಧಾನಿ ವಾಷಿಂಗ್ಟನ್ ನಗರದವರು ಇಂಥ ಏರ್ಪಾಟೊಂದನ್ನು ಪರೀಕ್ಷೆಗೆಂದು ತೆರೆದಿಟ್ಟಾಗ, ಮಿಷಿಗನ್ ವಿಶ್ವವಿದ್ಯಾನಿಲಯದ ತಂಡವೊಂದು ಎರಡು ದಿನದೊಳಗೆ ಒಳಹೊಕ್ಕು ಮತಗಳನ್ನೆಲ್ಲ ಬದಲಿಸಿತು. ಮತ ಹಾಕಿದವರಿಗೆ ಆ ವಿಶ್ವವಿದ್ಯಾನಿಲಯದ ಹಾಡು ಕೇಳಿಸುವಂತೆಯೂ ಮಾಡಿಟ್ಟರು! ನಮ್ಮ ಕಿಂಗ್ ಕೌಂಟಿಯಲ್ಲಿ ಬಳಸಿದ ಏರ್ಪಾಟನ್ನು 2020ರ ಜೂನಿನಲ್ಲಿ ಪರಿಶೀಲಿಸಿದ ಇಬ್ಬರು ತಜ್ಞರು, ಜಾಲದ ಮೂಲಕ ಹಿಂತಿರುಗಿಸುವ ಮತವನ್ನು ಯಾರಿಗೂ ತಿಳಿಯದಂತೆ ಬದಲಿಸಲು ಸಾಧ್ಯವೆಂದು ಬರೆದರು. ವರ್ಷಕ್ಕೆ ಹಲವು ಬಾರಿ ನೇರ ಮತ ಹಾಕುವ ಸ್ವಿಟ್ಜರ್ಲೆಂಡಿನವರು ಕೂಡ ದೋಷಗಳು ಹೊರಬಿದ್ದದ್ದರಿಂದ 2019ರಲ್ಲಿ ಇದನ್ನು ನಿಲ್ಲಿಸಿ, 2023ರಲ್ಲಿ ಕೆಲವೇ ಪ್ರಾಂತಗಳಲ್ಲಿ ಮತ್ತೆ ಪ್ರಯೋಗ ಆರಂಭಿಸಿದರು.

ಎಸ್ಟೋನಿಯಾ ದೇಶ ಇದನ್ನು 2005ರಿಂದ ನಡೆಸಿಕೊಂಡು ಬಂದಿದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ. ಅಲ್ಲಿ 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಜಾಲದ ಮೂಲಕವೇ ಬಂದವು. ಆದರೆ ಅಲ್ಲಿಯ ಒಂದು ನಿಯಮವನ್ನು ಗಮನಿಸಿ: ಒಬ್ಬರು ಎಷ್ಟು ಸಲವಾದರೂ ಮತ ಹಾಕಬಹುದು, ಕಡೆಯದು ಮಾತ್ರ ಲೆಕ್ಕಕ್ಕೆ. ಏಕೆ ಗೊತ್ತೆ? ಪಕ್ಕದಲ್ಲಿ ನಿಂತು ಬಲವಂತ ಮಾಡಿದವರು ಅತ್ತ ಹೋದಮೇಲೆ ಮತದಾರ ತನ್ನ ಮನಸ್ಸಿನಂತೆ ಮತ್ತೊಮ್ಮೆ ಹಾಕಲೆಂದು. ಕಳ್ಳ ಹೊರಗಿನವನೇ ಆಗಬೇಕಾಗಿಲ್ಲ ಎಂಬುದು ಅವರಿಗೆ ತಿಳಿದಿದೆ.

ಈಗ ನಮ್ಮ ಮನೆಗಳಿಗೇ ಬರೋಣ. ಕಿಂಗ್ ಕೌಂಟಿಯಲ್ಲಿ 2009ರಿಂದಲೂ, ಇಡೀ ರಾಜ್ಯದಲ್ಲಿ 2011ರ ಕಾನೂನಿನಿಂದಲೂ ಮತಪತ್ರ ಅಂಚೆಯಲ್ಲೇ ಬರುತ್ತದೆ. ಮತಗಟ್ಟೆಯ ಪರದೆಯ ಬದಲು ಊಟದ ಮೇಜು. ಎಷ್ಟು ಮನೆಗಳಲ್ಲಿ ನಾಲ್ಕು ಲಕೋಟೆಗಳನ್ನೂ ಯಜಮಾನರೇ ಒಡೆದು, ನಾಲ್ಕನ್ನೂ ತುಂಬಿ, "ಇಲ್ಲೊಂದು ಸಹಿ ಹಾಕು" ಎಂದು ಹೆಂಡತಿಯ ಮುಂದೆ, ತಾಯಿಯ ಮುಂದೆ, ಹದಿನೆಂಟು ತುಂಬಿದ ಮಗಳ ಮುಂದೆ ಇಡುವುದಿಲ್ಲ? ದುರುದ್ದೇಶದಿಂದಲ್ಲ, ತೆರಿಗೆಯ ಕಾಗದ, ವಿಮೆಯ ಕಾಗದ ತುಂಬುವ ಅಭ್ಯಾಸದಿಂದ. ಕೆಲವು ಮನೆಗಳಲ್ಲಿ ಯಜಮಾನತಿಯೇ ಈ ಕೆಲಸ ಮಾಡುವುದೂ ಉಂಟು! ಆದರೆ ಮತಪತ್ರ ವಿಮೆಯ ಕಾಗದವಲ್ಲ. ಹಾಗೆ ಮಾಡಿದ ಮನೆಯಲ್ಲಿ ಮತ ನಾಲ್ಕು, ಮತದಾರ ಒಬ್ಬನೇ. ಕಾಗದದ ಲಕೋಟೆಯನ್ನಾದರೂ ಸೊಸೆ ತನ್ನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳಬಹುದು. ಫೋನು ಬಂದರೆ? ನಮ್ಮ ಎಷ್ಟೋ ಅಜ್ಜಿಯರ ಫೋನಿನ ಪಾಸ್‌ವರ್ಡ್ ಮೊಮ್ಮಗನ ಕೈಯಲ್ಲಿರುತ್ತದೆ. ಅಜ್ಜಿಯ ಮತ ಯಾರ ಕೈಗೆ ಹೋದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹಳೆಯ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮಸಭೆ ಉಂಟು. ಊರಿನ ಮತದಾರರು ಒಟ್ಟಿಗೆ ಸೇರಿ, ಮನೆ ಯಾರಿಗೆ, ರಸ್ತೆ ಎಲ್ಲಿಗೆ, ಕಳೆದ ವರ್ಷದ ಹಣ ಏನಾಯಿತು ಎಂದು ಎದುರೆದುರು ಕೇಳುವ ಜಾಗ ಅದು. ಎಲ್ಲ ಊರುಗಳಲ್ಲೂ ಸರಿಯಾಗಿ ನಡೆಯುತ್ತದೆಂದು ನಾನು ಹೇಳಲಾರೆ. ಆದರೂ ಮೊದಲು ಮಾತು, ಆಮೇಲೆ ತೀರ್ಮಾನ ಎಂಬ ಕ್ರಮ ಅಲ್ಲಿದೆ. ಅದರ ಕೊರತೆಯೂ ನಮಗೆ ಗೊತ್ತು: ಜಮೀನು ಕೊಟ್ಟವರ ಎದುರಿನಲ್ಲಿ ಕೂಲಿಯವನು ಕೈ ಎತ್ತಲಾರ. ಅದಕ್ಕೇ ಚುನಾವಣೆಯಲ್ಲಿ ಪರದೆ ಬೇಕು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಬಣ್ಣದ ಕಾರ್ಖಾನೆ 1962ರಿಂದ ಇಡೀ ಭಾರತಕ್ಕೆ ಚುನಾವಣೆಯ ಅಳಿಸದ ಶಾಯಿ ಕೊಡುತ್ತಿದೆ. ಆ ಶಾಯಿಯಲ್ಲಿ ಒಂದು ವಿವೇಕವಿದೆ. ಮತ ಹಾಕಿದ್ದು ಬೆರಳಿನ ಮೇಲೆ ಎಲ್ಲರಿಗೂ ಕಾಣಬೇಕು. ಯಾರಿಗೆ ಹಾಕಿದ್ದೆಂಬುದು ಯಾರಿಗೂ ಕಾಣಬಾರದು.

ನನ್ನ ಅಭಿಪ್ರಾಯ ಇಷ್ಟೆ. ನೇರ ಪ್ರಜಾಪ್ರಭುತ್ವಕ್ಕೆ ಎರಡು ಬೇಕು: ಮಾತು ಬಯಲಲ್ಲಿ ನಡೆಯಬೇಕು, ಮತ ಮರೆಯಲ್ಲಿ ಬೀಳಬೇಕು. ಫೋನಿನ ಮತದಾನ ಇವೆರಡನ್ನೂ ತಿರುವುಮುರುವು ಮಾಡುತ್ತದೆ. ಕೂಡಿ ಮಾತಾಡಬೇಕಾದ ಕಡೆ ಒಬ್ಬೊಬ್ಬರೇ ಪರದೆ ನೋಡುತ್ತಾರೆ. ಒಬ್ಬರೇ ಇರಬೇಕಾದ ಕಡೆ ಹೆಗಲ ಮೇಲಿಂದ ನಾಲ್ಕು ಜನ ಇಣುಕುತ್ತಾರೆ. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ಪರದೆಯ ಮೇಲೆ ಗುರುತು ಮಾಡಿ ಕಾಗದಕ್ಕೆ ಅಚ್ಚು ತೆಗೆದು ಕಳಿಸುವ ಸೌಲಭ್ಯ ಇರಲೇಬೇಕು. ಅದು ಈಗಲೂ ಇದೆ. ಉಳಿದವರು ಕಾಗದವನ್ನು ಬಿಡುವ ಕಾಲ ಬಂದಿಲ್ಲ. ಮತ್ತೆ ಎಣಿಸಿ ನೋಡಬೇಕೆಂದರೆ ಕಾಗದವಿದ್ದರೆ ಮಾತ್ರ ಸಾಧ್ಯ.

ಇದಕ್ಕೆ ನಮ್ಮ ಸಂಘ ಮಾಡಬಹುದಾದ ಕೆಲಸವಿದೆ. ಪ್ರತಿ ಅಕ್ಟೋಬರಿನಲ್ಲಿ ಮತದಾರರ ಪುಸ್ತಿಕೆ ಮನೆಗೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಜಾಹೀರಾತುಗಳೊಂದಿಗೆ ರದ್ದಿಗೆ ಹೋಗುತ್ತದೆ. ಕಿಂಗ್ ಕೌಂಟಿ ಚೀನೀ, ಕೊರಿಯನ್, ಸ್ಪ್ಯಾನಿಷ್, ವಿಯೆಟ್ನಾಮೀ ಮೊದಲಾದ ಭಾಷೆಗಳಲ್ಲಿ ಮತಪತ್ರ ಒದಗಿಸುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಹಾಗಾದರೆ ಆ ಕೆಲಸ ನಮ್ಮದೇ ತಾನೆ? ಗ್ರಂಥಾಲಯದ ಒಂದು ಕೋಣೆ ಹಿಡಿದು, ಪ್ರತಿಯೊಂದು ಮಸೂದೆಗೂ ಪರವಾಗಿ ಒಬ್ಬರು, ವಿರುದ್ಧವಾಗಿ ಒಬ್ಬರು ಕನ್ನಡದಲ್ಲಿ ಹತ್ತು ಹತ್ತು ನಿಮಿಷ ಮಾತಾಡಲಿ. ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು ಪ್ರಶ್ನೆ ಕೇಳಲಿ. ಅಭ್ಯರ್ಥಿಗಳ ಮಾತು ಬೇಡ, ಸಂಘ ಯಾರಿಗೂ ಹೀಗೇ ಹಾಕಿ ಎನ್ನುವುದೂ ಬೇಡ. ಮತಾಧಿಕಾರವಿಲ್ಲದ ವೀಸಾ, ಗ್ರೀನ್ ಕಾರ್ಡಿನ ಮಿತ್ರರೂ ಬರಲಿ, ಕೇಳಲಿ, ಮಾತಾಡಲಿ. ಆದರೆ ಅಂಗಡಿಯ ಬಾಗಿಲ ಅರ್ಜಿಗೆ ಅವರು ಸಹಿ ಹಾಕಬಾರದು. ಮತದಾರರಲ್ಲವೆಂದು ತಿಳಿದೂ ಸಹಿ ಮಾಡುವುದು ಅಪರಾಧ.

ಸಭೆ ಮುಗಿದಮೇಲೆ ಮನೆಯಲ್ಲಿ ಅವರವರ ಲಕೋಟೆಯನ್ನು ಅವರವರೇ ಒಡೆಯಲಿ. ಇಂಗ್ಲಿಷ್ ಬಾರದ ತಾಯಿಗೆ ಓದಿ ಹೇಳಿ, ಗುರುತನ್ನು ಅವರೇ ತೀರ್ಮಾನಿಸಲಿ. ಮಗಳು ಬೇರೆಯವರಿಗೆ ಹಾಕಿದಳೆಂಬ ಅನುಮಾನ ಬಂದರೆ ಕೇಳದೆ ಸುಮ್ಮನಿರುವುದೂ ತಂದೆಯಾದವನ ಧರ್ಮವೇ.

ನನ್ನ ಮಾತನ್ನು ಒಪ್ಪದವರು ಇರುತ್ತಾರೆ, ಇರಬೇಕು. ಅವರು ಮುಂದಿನ ಸಂಚಿಕೆಗೆ ದಯವಿಟ್ಟು ಬರೆಯಲಿ. ಅಕ್ಟೋಬರಿನ ಸಭೆಗೆ ಮೊದಲ ಚರ್ಚೆ ಇಲ್ಲಿಂದಲೇ ಆರಂಭವಾಗಲಿ.