ಮೊದ್ಲ್ ನೀರ್ ಬೀಳತ್ತಾ ಕಾಣಿ

ನಾಲ್ಕ್ ತಿಂಗಳ್ ಮಗಳ ಬಾಣಂತನ ಮುಗ್ಸಿ ಊರಿಗ್ ಬಂದೆ. ಬಂದ ದಿನದಿಂದ ಎಲ್ರದ್ದೂ ಒಂದೇ ಪ್ರಶ್ನೆ: "ಬೋಟಲ್ಲಿ ಬಾಣಂತನ ಹ್ಯಾಂಗೆ ಮಾಡ್ದೆ ಮಾರಾಯ್ತಿ? ಆ ಚಳಿಗೆ ಮಗು ಹ್ಯಾಂಗೆ ತಡ್ಕಂತ್?" ಒಬ್ಬೊಬ್ರಿಗೇ ಹೇಳಿ ಹೇಳಿ ಬಾಯಿ ಒಣಗಿತ್. ಹಾಂಗಾಗಿ ಇಲ್ಲೇ ಬರೀತೆ. ಕಥಿ ಜೊತಿಗೆ ನನ್ನದೊಂದ್ ಅಭಿಪ್ರಾಯವೂ ಇತ್ತ್. ಒಪ್ಪುದು ಬಿಡುದು ನಿಮ್ಗೆ ಬಿಟ್ಟದ್ದ್.

ಮಗಳು-ಅಳಿಯ ಇಪ್ಪುದು ಅಮೆರಿಕದ ಸಿಯಾಟಲ್ ಊರಲ್ಲಿ. ಅಲ್ಲಿ ಮನಿ ಬಾಡಿಗಿ ಬಾಳ ಜಾಸ್ತಿ ಅಂದ್ಹೇಳಿ ಹಳೇ ಬೋಟ್ ಒಂದನ್ನ ತಕಂಡ್ ಅದ್ರಲ್ಲೇ ಸಂಸಾರ ಮಾಡ್ತ್ರ್. ನಮ್ಮ ಗಂಗೊಳ್ಳಿಯ ಮೀನಿನ ಬೋಟ್ ಹಾಂಗಲ್ಲ. ಒಳಗೆ ಅಡಿಗಿ ಕಟ್ಟಿ, ಸಣ್ಣ ಬಚ್ಚಲು, ಎರಡು ಮಲಗು ಕೋಣಿ ಎಲ್ಲಾ ಇತ್ತ್. ಪ್ಯೂಜೆಟ್ ಸೌಂಡ್ ಅಂಬ ಸಮುದ್ರದ ತೋಳಲ್ಲಿ, ದಕ್ಕೆಗೆ ಕಟ್ಟಿ ಹಾಕಿದ್ರ್. ದಕ್ಕೆಯಿಂದ್ಲೇ ಕರೆಂಟ್. ನಾನ್ ಹೋದದ್ದು ಡಿಸೆಂಬರಲ್ಲಿ. ಸಾಯಂಕಾಲ ನಾಲ್ಕೂವರೆ ಅಂದ್ರೆ ಹೊತ್ತು ಮುಳುಗಿ ಆಯ್ತ್, ಮೇಲಿಂದ ಜಿರಿಜಿರಿ ಮಳೆ.

ಆ ಬೋಟನ್ನ ಬೆಚ್ಚಗೆ ಇಡುದು ಎಸಿ. ಎಸಿ ಅಂದ್ರೆ ತಂಪು ಮಾಡುದು ಅಂತ್ಲೇ ನಾನ್ ತಿಳ್ಕಂಡದ್ದ್. ಮಗಳು ಫ್ರಿಜ್ ತೋರ್ಸಿ ಹೇಳಿದ್ಳ್: "ಅಮ್ಮ, ಫ್ರಿಜ್ಜಿನ ಒಳಗೆ ತಂಪು, ಹಿಂದೆ ಕೈ ಇಟ್ರೆ ಬಿಸಿ ಅಲ್ದಾ? ಒಳಗಿನ ಬಿಸಿನ ಹೊತ್ತ್ ಹೊರಗೆ ಹಾಕತ್ತ್. ಇದೂ ಅಷ್ಟೇ." ಬೇಸಿಗೆಯಲ್ಲಿ ಬೋಟಿನ ಬಿಸಿನ ಸಮುದ್ರಕ್ಕೆ ಹಾಕತ್ತ್. ಚಳಿಗಾಲದಲ್ಲಿ ಒಂದು ವಾಲ್ವ್ ತಿರುಗಿ ಗ್ಯಾಸ್ ಉಲ್ಟಾ ಹರೀತದೆ, ಸಮುದ್ರದ ನೀರಿನ ಬಿಸಿನ ಒಳಗೆ ತರತ್ತ್. ಒಂದು ಪಂಪ್ ಬೋಟಿನ ಅಡಿಯಿಂದ ಸಮುದ್ರದ ನೀರು ಎಳ್ದು ಎಸಿ ಪೈಪಲ್ಲಿ ಹಾಯ್ಸಿ, ಬೋಟಿನ ಬದಿಯಿಂದ ಹೊರಗೆ ಬಿಡತ್ತ್.

"ಆ ನೀರಿಗ್ ಕೈ ಹಾಕ್ರೆ ಮರಗಟ್ಟತ್ತ್, ಅದ್ರಲ್ಲಿ ಎಂತ ಬಿಸಿ?" ಅಂತ ನಾನೂ ಕೇಂಡೆ. ನೀರು ಎಂಟೊಂಬತ್ತು ಡಿಗ್ರಿ ಇದ್ರೂ ಒಳಗಿನ ಗ್ಯಾಸ್ ಅದಕ್ಕಿಂತ ತಂಪು ಅಂಬ್ರ್. ಹಾಂಗಾಗಿ ಬಿಸಿ ನೀರಿಂದ ಗ್ಯಾಸಿಗೆ ಬತ್ತ್. ನೀರು ನಾಲ್ಕು ಡಿಗ್ರಿಗಿಂತ ಕೆಳಗೆ ಹೋರೆ ಮಾತ್ರ ಕಷ್ಟ.

ಮಗುವಿಗೆ ಇಪ್ಪತ್ತೆರಡ್ ದಿನ ಆದ ರಾತ್ರಿ ಆ ಎಸಿ ನಿಂತ್ ಹೋಯ್ತ್. ಚಾಲೂ ಮಾಡ್ರೆ ಸ್ವಲ್ಪ ಹೊತ್ತು ಓಡಿ ಮತ್ತೆ ಬಂದ್. ಅಳಿಯ ಒಳ್ಳೆಯವ. ಆರೆ ಕಂಪ್ಯೂಟರ್ ಮುಂದೆ ಕೂಕಂಡ್ ದೊಡ್ಡ ದೊಡ್ಡ ಕಾಯಿಲೆಯನ್ನೇ ಹುಡುಕ್ದ. ಗ್ಯಾಸ್ ಖಾಲಿ ಆಯ್ದಾ, ಉಲ್ಟಾ ತಿರುಗುವ ವಾಲ್ವ್ ಸಿಕ್ಕಿ ಹಾಕ್ಕಂಡಿತ್ತಾ ಅಂತ. ಮೆಕ್ಯಾನಿಕ್ಕಿಗೆ ಫೋನ್ ಮಾಡ್ರೆ ಮೂರನೇ ದಿನ ಬತ್ತೆ ಅಂದ. ಅಲ್ಲಿವರೆಗೆ ಅಂತ ಎರಡು ಕರೆಂಟಿನ ಹೀಟರ್ ತಂದ. ಒಂದೊಂದೂ 1500 ವಾಟ್. ಅಲ್ಲಿಯ ಕರೆಂಟ್ 120 ವೋಲ್ಟ್, ಹಾಂಗಾಗಿ ಒಂದಕ್ಕೆ ಹನ್ನೆರಡೂವರೆ ಆಂಪ್ಸ್, ಎರಡಕ್ಕೆ 25. ದಕ್ಕೆಯಿಂದ ಬಪ್ಪುದೇ 30. ನಾನು ಗಂಜಿಗೆ ಇಟ್ಟ ಕೂಡ್ಲೇ ಟ್ರಿಪ್ ಆಯ್ತ್. ಮೇಲಿಂದ ಒಂದರ ಪ್ಲಗ್ ಮುಟ್ರೆ ಸುಡ್ತಿತ್ತ್. ಅದನ್ನ ಕಿತ್ತೇ ಇಟ್ಟೆ.

ಈಗ ನನ್ನ ತಪ್ಪು ಹೇಳ್ತೆ. ನನ್ನ ಬಾಣಂತನದಲ್ಲಿ ಅತ್ತೆ ಗೆರಟೆ ಕೆಂಡ ಮಾಡಿ ಮಂಚದ ಹತ್ರ ಇಡ್ತಿದ್ರ್. ನಂಗೂ ಅದೇ ನೆನಪಾಯ್ತ್. "ಇದ್ದಿಲು ಸಿಕ್ಕತ್ತಾ? ಒಂದು ಪಾತ್ರೆಯಲ್ಲಿ ಕೆಂಡ ಮಾಡಿ ಕೋಣಿಯಲ್ಲಿಟ್ಟ್ ಬಾಗ್ಲ್ ಹಾಕುವ" ಅಂದೆ. ಮಗಳು ಯಾವತ್ತೂ ನಂಗೆ ಎದುರು ಮಾತಾಡ್ದವಳಲ್ಲ, ಅವತ್ತು ಗದರ್ಸಿದ್ಳ್. "ಅಮ್ಮ, ನಾಳೆ ಬೆಳಿಗ್ಗೆ ನಾವ್ಯಾರೂ ಏಳುದಿಲ್ಲ" ಅಂದ್ಳ್. ಕೆಂಡದಿಂದ ಬಪ್ಪ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನಿ ಇಲ್ಲ. ನಿದ್ದಿಯಲ್ಲಿ ಇದ್ದವರಿಗೆ ಗೊತ್ತೇ ಆತಿಲ್ಲ. ಗೋಡೆಯಲ್ಲಿ ಅದಕ್ಕಂತ್ಲೇ ಅಲಾರಂ ಹಾಕಿದ್ರ್, ಆರೆ ಅಲಾರಂ ಇತ್ತ್ ಅಂತ ಕೆಂಡ ಇಡುಕಾಗ. ನಮ್ಮ ಹಂಚಿನ ಮನೆಯಲ್ಲಿ ಮಾಡಿನ ಸಂದಿಯಿಂದ ಗಾಳಿ ಆಡ್ತಿತ್ತ್, ಹಾಂಗಾಗಿ ಬದುಕಿದ್ದೆವು. ಈಗ ನಮ್ಮ ಊರಲ್ಲೂ ಎಲ್ಲಾ ತಾರಸಿ ಮನಿ, ಗಾಜಿನ ಕಿಟಕಿ. ಬಾಣಂತಿ ಕೋಣಿಯಲ್ಲಿ ಕೆಂಡ ಇಟ್ಟು ಬಾಗ್ಲ್ ಹಾಕುದನ್ನ ಬಿಡಿ. ಹಿರಿಯರು ಮಾಡಿದ್ದು ಅಂತ ಮಾಡೂಕಾಗ.

ಆ ರಾತ್ರಿ ಮಗುನ ಎದೆಗೆ ಅವಚ್ಕಂಡ್ ಕೂಕಂಡಾಗ ನಮ್ಮ ಭಾವನ ನೆನಪಾಯ್ತ್. ಅವ್ರಿಗೆ ಗಂಗೊಳ್ಳಿಯಲ್ಲಿ ಬೋಟ್ ಇದ್ದಿತ್. ಇಂಜಿನ್ ಚಾಲೂ ಮಾಡ್ದ ಕೂಡ್ಲೇ ಬದಿಗೆ ಬಗ್ಗಿ, "ನೀರು ಬೀಳತ್ತಾ ಕಾಣ್" ಅಂತಿದ್ರ್. ತಂಪು ಮಾಡುವ ನೀರು ಹೊರಗೆ ಬೀಳ್ದಿದ್ರೆ ಇಂಜಿನ್ ಸುಡತ್ತ್ ಅಂತ. ನಾನು ಅಳಿಯನಿಗೆ ಹೇಳ್ದೆ: "ಎಸಿ ಚಾಲೂ ಮಾಡಿ ಹೊರಗೆ ಟಾರ್ಚ್ ಬಿಟ್ಟು ಕಾಣಿ, ನೀರು ಹ್ಯಾಂಗೆ ಬೀಳತ್ತ್ ಅಂತ." ಬೆರಳು ದಪ್ಪ ಬೀಳ್ಕಾದ್ದು ನೂಲಿನಷ್ಟು ಬೀಳ್ತಿತ್ತ್. ನೀರು ಕಡಿಮಿ ಆರೆ ಪೈಪಲ್ಲಿ ಇದ್ದ ಅಷ್ಟು ನೀರೇ ಮಂಜುಗಟ್ಟುವಷ್ಟು ತಂಪಾತ್ತ್, ಆಗ ಮಿಷನ್ ತನ್ನನ್ನ ಕಾಯ್ಕಂಬುಕೆ ತಾನೇ ನಿಲ್ಲತ್ತ್.

ನೀರು ಬಪ್ಪ ದಾರಿಯಲ್ಲಿ ಒಂದು ಜಾಲರಿ ಡಬ್ಬಿ ಇತ್ತ್. ನಮ್ಮ ಬಾವಿ ಪಂಪಿನ ಫುಟ್‌ವಾಲ್ವಿಗೆ ಇಪ್ಪ ಜಾಲರಿ ಹಾಂಗೆ. ಅದನ್ನ ತೆಗೂಕೆ ಮೊದ್ಲು ಬೋಟಿನ ಅಡಿಯ ನೀರಿನ ವಾಲ್ವ್ ಬಂದ್ ಮಾಡ್ಕ್. ಇಲ್ದಿದ್ರೆ ಸಮುದ್ರವೇ ಒಳಗೆ ಬತ್ತ್. ಬಂದ್ ಮಾಡಿ, ತೆಗ್ದು ಕಂಡ್ರೆ ಪಾಚಿ, ಕೊಳೆತ ಎಲೆ, ಸಣ್ಣ ಸಣ್ಣ ಚಿಪ್ಪು. ಹಳೇ ಹಲ್ಲುಜ್ಜುವ ಬ್ರಷ್ಷಲ್ಲಿ ತಿಕ್ಕಿ ತೊಳ್ದೆ. ತಿರುಗಿ ಹಾಕಿ ವಾಲ್ವ್ ಬಿಟ್ರೆ ಪಂಪ್ ಶಬ್ದ ಮಾಡತ್ತ್, ಹೊರಗೆ ಹನಿ ನೀರಿಲ್ಲ. ಅಳಿಯ, "ಪಂಪೂ ಹೋಯ್ತ್" ಅಂದ. ನಂಗೆ ನಗು ಬಂತ್. ಬೇಸಿಗೆಯಲ್ಲಿ ನಮ್ಮ ಬಾವಿ ಪಂಪಿಗೆ ಗಾಳಿ ಹಿಡಿಯುದು ನಾನು ಕಾಣದ್ದಾ? ಪಂಪ್ ನಿಲ್ಸಿ, ಅದ್ರ ಮೇಲಿನ ಪೈಪ್ ಸ್ವಲ್ಪ ಸಡ್ಲ ಮಾಡ್ಸಿದೆ. ಬುಳುಬುಳು ಅಂತ ಗಾಳಿ ಹೋಗಿ ನೀರು ಬಂತ್. ಬಿಗಿ ಮಾಡಿ ಚಾಲೂ ಮಾಡ್ರೆ ಹೊರಗೆ ಧಾರಾಳ ನೀರು, ಒಳಗೆ ಬಿಸಿ ಗಾಳಿ.

ಇಪ್ಪತ್ತು ನಿಮಿಷ ಆಪ್ಪತ್ತಿಗೆ ಮತ್ತೆ ಬಂದ್! ಈ ಸಲ ಬೇರೆ ಅಕ್ಷರ ತೋರ್ಸ್ತ್, ಹೈ ಪ್ರೆಷರ್ ಅಂತ. ಮಗಳು ಪುಸ್ತಕ ತೆಗ್ದು ಓದಿದ್ಳ್. ಬಿಸಿ ಮಾಡುವಾಗ ಹೈ ಪ್ರೆಷರ್ ಬಂದ್ರೆ, ಬಿಸಿಯಾದ ಪೈಪಿನ ಮೇಲೆ ಸಾಕಷ್ಟು ಗಾಳಿ ಹಾಯ್ತಾ ಇಲ್ಲ ಅಂತ ಅರ್ಥ. ಓದಿದವಳು ತಲೆ ಎತ್ತಿ ಕೇಂಡ್ಳ್: "ಅಮ್ಮ, ಮಗಿನ ಬಟ್ಟಿ ಎಲ್ಲಿ ಒಣಗ್ಸಿದ್ದೆ?"

ಎಸಿ ಗಾಳಿ ಎಳಿಯುವ ಜಾಲರಿ ಎದುರೇ ನಾನು ಹಗ್ಗ ಕಟ್ಟಿದ್ದೆ. ಅಲ್ಲಿ ಗಾಳಿ ಆಡತ್ತ್, ಬೇಗ ಒಣಗತ್ತ್ ಅಂತ. ಒದ್ದಿ ಬಟ್ಟಿ ಎಲ್ಲಾ ಜಾಲರಿಗೆ ಅಂಟಿ ಕೂತಿತ್ತ್. ಬಟ್ಟಿ ತೆಗ್ದು ಒಳಗಿನ ಫಿಲ್ಟರ್ ಎಳ್ದ್ರೆ ಹತ್ತಿ ಹಾಸಿಗಿ ಹಾಂಗೆ ಧೂಳು, ಅದ್ರಲ್ಲಿ ಅರ್ಧ ನನ್ನ ತಲೆಕೂದಲು. ತೊಳ್ದು, ಒರ್ಸಿ ಹಾಕ್ದ ಮೇಲೆ ಬೆಳಗಾಪ್ಪವರೆಗೆ ನಿಲ್ಲದೆ ಓಡ್ತ್. ಅಳಿಯ ನನ್ನ ಮುಖ ಕಂಡು ಏನೂ ಹೇಳ್ಲಿಲ್ಲ. ಪುಣ್ಯಾತ್ಮ.

ಮೂರನೇ ದಿನ ಮೆಕ್ಯಾನಿಕ್ ಬಂದ. ಗ್ಯಾಸ್ ಸರಿ ಇತ್ತ್, ವಾಲ್ವೂ ಸರಿ ಇತ್ತ್. ನೀರು ಹಾಯುವ ಪೈಪಿನ ಒಳಗೆ ಮಾತ್ರ ಸುಣ್ಣ ಕಟ್ಟಿತ್ತ್ ಅಂದ. ಆ ಪೈಪು ತಾಮ್ರಕ್ಕೆ ನಿಕಲ್ ಸೇರ್ಸಿ ಮಾಡಿದ್ದಂತೆ. ಸಪೂರ ಆಸಿಡ್ ನೀರು ಸ್ವಲ್ಪ ಹೊತ್ತು ಅದ್ರಲ್ಲಿ ಸುತ್ತಾಡ್ಸಿ ತೊಳ್ದ. ತಾಮ್ರದ ಕೊಡಪಾನಕ್ಕೆ ಹುಣ್ಸಿಹುಳಿ ಹಾಕಿ ತಿಕ್ಕುದಿಲ್ವಾ, ಅದೇ ವಿದ್ಯೆ.

ಈಗ ನನ್ನ ಅಭಿಪ್ರಾಯ. "ಬೋಟಲ್ಲಿ ಬಾಣಂತನ ಮಾಡಿದ್ದೇ ತಪ್ಪು" ಅಂತ ಹೇಳುವವ್ರಿದ್ರ್. ನಂಗೆ ಹಾಂಗ್ ಕಾಣುದಿಲ್ಲ. ಬೋಟ್ ಆದ್ರೂ ಮನಿ, ತಾರಸಿ ಆದ್ರೂ ಮನಿ. ತಪ್ಪು ಎಲ್ಲಿ ಅಂದ್ರೆ, ಮನಿಯನ್ನ ಬೆಚ್ಚಗೆ ಇಡುವ ಮಿಷನ್ನನ್ನ ನಾವು ಹೆಂಗಸರು "ಅದು ಗಂಡಸರ ಕೆಲಸ" ಅಂತ ಬಿಟ್ಟದ್ದು. ಒಲೆ ನಮ್ದು, ಬಚ್ಚಲ ಹಂಡೆ ನಮ್ದು, ಎಸಿ ಮಾತ್ರ ಬೇರೆಯವರದ್ದಾ? ನಾನು ಓದ್ದದ್ದು ಪಿಯುಸಿ, ಅದೂ ಆರ್ಟ್ಸ್. ಆ ರಾತ್ರಿ ಬೇಕಾದ್ದು ವಿಜ್ಞಾನದ ಡಿಗ್ರಿ ಅಲ್ಲ, ಕಟ್ಟಿದ್ದನ್ನ ಬಿಡ್ಸುದು, ಕೊಳೆ ತೊಳಿಯುದು. ಅದು ನಮ್ಗೆ ಬತ್ತಿಲ್ವಾ?

ಹಾಂಗಂತ ಎಲ್ಲದಕ್ಕೂ ಕೈ ಹಾಕಿ ಅಂತ ನಾನು ಹೇಳುದಿಲ್ಲ. ಗ್ಯಾಸ್ ಮುಟ್ಟೂಕಾಗ. ಕರೆಂಟಿನ ಡಬ್ಬಿ ತೆಗೂಕಾಗ, ಸ್ವಿಚ್ ತೆಗ್ದ ಮೇಲೂ ಒಳಗೆ ಕರೆಂಟ್ ನಿಂತಿರತ್ತ್. ಅದಕ್ಕೆ ಕಲ್ತವರೇ ಬರ್ಕ್. ಆರೆ ಅವರಿಗೆ ಫೋನ್ ಮಾಡುಕೆ ಮುಂಚೆ ಮೊದ್ಲು ನೀರು ಕಾಣಿ, ಮತ್ತೆ ಗಾಳಿ ಕಾಣಿ. ಮಗಳನ್ನ ಹೊಸ ಮನಿಗೆ ಬಿಟ್ಟು ಬಪ್ಪತ್ತಿಗೆ ಬಾವಿ ಎಲ್ಲಿ, ಮೇನ್ ಸ್ವಿಚ್ ಎಲ್ಲಿ ಅಂತ ಕೇಣ್ತೆವಲ್ದಾ, ಹಾಂಗೆ ಈ ಜಾಲರಿ ಎಲ್ಲಿ ಅಂತ್ಲೂ ಕೇಣ್ಕ್. ಸೊಸಿಗೆ ತೋರ್ಸುದು ಅತ್ತೆಯ ಕೆಲಸ.

ಈಗ ಪ್ರತಿ ಭಾನುವಾರ ಮಗಳೇ ಆ ಜಾಲರಿ ತೊಳಿತ್ಳ್. ಮೊನ್ನೆ ಫೋನಲ್ಲಿ, "ಅಮ್ಮ, ಇವತ್ತು ಒಂದು ಮುಷ್ಟಿ ಚಿಪ್ಪು ಸಿಕ್ತ್" ಅಂತ ತೋರ್ಸಿದ್ಳ್. ಹಿಂದೆ ಮಗು ಅಂಗಿ ಇಲ್ದೆ ಆಡ್ತಿತ್ತ್, ಅಷ್ಟು ಬೆಚ್ಚಗೆ.

ನಿಮ್ಮನಿ ಎಸಿ ಫಿಲ್ಟರ್ ಕಡೆಗೆ ತೊಳ್ದದ್ದು ಯಾವಾಗ? ನೆನಪಿಲ್ಲ ಅಲ್ದಾ? ಏಳಿ, ಸ್ವಿಚ್ ತೆಗ್ದು ಒಂದ್ ಸಲ ಎಳ್ದು ಕಾಣಿ.