ಮಂಡಿನೋವಿನ ಮಾತ್ರೆ



ಒಬ್ಬ ಸೋದರಿ ಕಾಗದ ಬರೆದು ಕೇಳಿದ್ದಾರೆ: "ನಮ್ಮ ಅತ್ತೆಯವರಿಗೆ ಮಂಡಿನೋವು. ಔಷಧಿ ಅಂಗಡಿಯಿಂದ ತಂದ ಮಾತ್ರೆ ನುಂಗಿದರೆ ಆರಾಮವಾಗಿ ಓಡಾಡುತ್ತಾರೆ. ಊಟವಾದ ಮೇಲೆಯೇ ಕೊಡುತ್ತೇನೆ. ಹೀಗೇ ಕೊಡುತ್ತಾ ಹೋಗಬಹುದೇ?"

ಓದಿ ನನ್ನ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ನಾನೂ ಇದೇ ಮಾತನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮ ಅತ್ತೆಗೆ ಆಗ ಎಪ್ಪತ್ತೆರಡು. ಮಂಡಿ ಸವೆದು ಬರುವ ಸಂಧಿವಾತ. ಬೆಳಿಗ್ಗೆ ಎದ್ದರೆ ಗೋಡೆ ಹಿಡಿದೇ ಬಚ್ಚಲಿಗೆ ಹೋಗಬೇಕು. ಡಾಕ್ಟರು ನೋಡಿ ಡೈಕ್ಲೋಫೆನಾಕ್ 50 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡರಂತೆ ಹತ್ತು ದಿನಕ್ಕೆ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಅತ್ತೆ ಈಳಿಗೆಮಣೆ ಮೇಲೆ ಕೂತು ಕಾಯಿ ತುರಿದರು ನೋಡಿ! ನನಗೋ ಸ್ವರ್ಗ ಸಿಕ್ಕಿದಷ್ಟು ಸಂತೋಷ. ಹತ್ತು ದಿನ ಮುಗಿದ ಮೇಲೂ ಆ ಚೀಟಿ ಎಸೆಯಲಿಲ್ಲ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಟ್ಟೆ. ಮಗ ಅದನ್ನು ಹಿಡಿದು ಹೋದರೆ ಅಂಗಡಿಯವರು ಒಂದು ಮಾತೂ ಕೇಳದೆ ಕೊಡುತ್ತಿದ್ದರು. ಹತ್ತು ದಿನದ ಮಾತ್ರೆ ಎಂಟು ತಿಂಗಳು ನಡೆಯಿತು. ಕಳಿಸುತ್ತಿದ್ದವಳು ನಾನೇ, ಬೇರೆ ಯಾರನ್ನು ದೂರಲಿ?

ಈ ನಡುವೆ ಅವರ ಬಿಪಿ ಏರಿತು, ಬಿಪಿ ಮಾತ್ರೆ ಹೆಚ್ಚಿಸಿದರು. ಪಾದ ಊದಿತು. ವಯಸ್ಸಾಯಿತಲ್ಲ ಅಂದುಕೊಂಡೆವು. ಆಮೇಲೆ ಮುಖ ಬಿಳುಚಿಕೊಂಡಿತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಯುಗಾದಿಯ ಹಿಂದಿನ ದಿನ ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟರು. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಬಾಯಿಯಿಂದ ಕೊಳವೆ ಇಳಿಸಿ ನೋಡಿದಾಗ ಜಠರದಲ್ಲಿ ಹುಣ್ಣಾಗಿ ರಕ್ತ ಜಿನುಗುತ್ತಿತ್ತು. ಒಂದು ದಿನವಾದರೂ ಹೊಟ್ಟೆನೋವು ಅಂದವರಲ್ಲ!

ಹೇಳಲು ಸಂಕೋಚ, ಆದರೂ ಹೇಳಲೇಬೇಕು. ನಾಲ್ಕು ದಿನದಿಂದ ಅವರಿಗೆ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತಂತೆ. "ಇದನ್ನೆಲ್ಲ ಸೊಸೆ ಹತ್ರ ಹೇಳ್ತಾರೇನೇ" ಅಂದರು. ಹೊಟ್ಟೆಯೊಳಗೆ ರಕ್ತ ಹೋಗುತ್ತಿದೆ ಎಂಬುದಕ್ಕೆ ಅದೇ ಗುರುತಂತೆ.

"ಊಟ ಆದಮೇಲೇ ಕೊಡ್ತಿದ್ದೆ ಡಾಕ್ಟ್ರೇ, ಒಂದು ದಿನಾನೂ ಖಾಲಿ ಹೊಟ್ಟೇಲಿ ಕೊಟ್ಟಿಲ್ಲ" ಅಂತ ನಾನು ಅತ್ತುಬಿಟ್ಟೆ. ಆ ಡಾಕ್ಟರಮ್ಮ ಪುಣ್ಯಾತ್ಗಿತ್ತಿ, ಬೈಯಲಿಲ್ಲ. ಕೂರಿಸಿಕೊಂಡು ತಿಳಿಸಿ ಹೇಳಿದರು.

ನಮ್ಮ ಮೈಯಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು ತಯಾರಾಗುತ್ತದೆ. ಕೀಲಿನಲ್ಲಿ ಊತ, ನೋವು ತರುವುದು ಅದೇ. ಆದರೆ ಜಠರದ ಒಳಗೋಡೆಯನ್ನು ಅಲ್ಲಿನ ಆಮ್ಲದಿಂದ ಕಾಯುವುದೂ ಅದೇ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಮಾತ್ರೆ ಇದರ ತಯಾರಿಕೆಯನ್ನೇ ತಡೆಯುತ್ತದೆ. ಮಂಡಿಯಲ್ಲಿ ಮಾತ್ರ ತಡೆ, ಹೊಟ್ಟೆಯಲ್ಲಿ ಬೇಡ ಅಂದರೆ ಅದಕ್ಕೇನು ಗೊತ್ತು? ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆ ಎಂದು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಮಾತ್ರೆ ರಕ್ತಕ್ಕೆ ಸೇರಿ ಅಲ್ಲಿಂದ ಈ ಕೆಲಸ ಮಾಡುವುದರಿಂದ, ಊಟದ ಮೇಲೆ ನುಂಗಿದರೆ ಹೊಟ್ಟೆಯುರಿ ಕಡಿಮೆಯಾದೀತೇ ಹೊರತು ಹುಣ್ಣಿನ ಭಯ ತಪ್ಪುವುದಿಲ್ಲ. ಇಂಜೆಕ್ಷನ್ ತೆಗೆದುಕೊಂಡರೂ ಅಷ್ಟೇ. ನನ್ನ ಜಾಣತನವೆಲ್ಲ ಅಲ್ಲಿಗೆ ಮುಗಿಯಿತು.

"ಇನ್ನೇನೇನು ನುಂಗ್ತಿದ್ರಿ ಅಜ್ಜಿ?" ಅಂತ ಅವರು ಕೇಳಿದಾಗ ನಮ್ಮತ್ತೆಯ ಎಲೆಅಡಿಕೆ ಚೀಲದಿಂದ ಇನ್ನೊಂದು ಮಾತ್ರೆಪಟ್ಟಿ ಹೊರಬಂತು! ಅಸೆಕ್ಲೋಫೆನಾಕ್. ಸೊಂಟಕ್ಕೆ ಒಳ್ಳೆಯದು ಅಂತ ಪಕ್ಕದ ಮನೆಯವರು ಕೊಟ್ಟಿದ್ದು. ಹಬ್ಬ ಹುಣ್ಣಿಮೆಗೆ, ನೆಂಟರು ಬಂದ ದಿನಕ್ಕೆ ಗುಟ್ಟಾಗಿ ಅದೂ ಒಂದು. ಹೃದಯಕ್ಕೆಂದು ಆಸ್ಪಿರಿನ್ 75 ಮೊದಲಿನಿಂದಲೇ ಇತ್ತು. ಹೆಸರು ಬೇರೆ ಬೇರೆ, ಮೂರೂ ಒಂದೇ ಕುಲದವು. ಒಂದರ ಜೊತೆ ಇನ್ನೊಂದು ಸೇರಿದರೆ ಹುಣ್ಣಿನ ಅಪಾಯ ಹೆಚ್ಚುತ್ತದಂತೆ. ಬಿಪಿ ಏರಿದ್ದಕ್ಕೆ, ಪಾದ ಊದಿದ್ದಕ್ಕೆ ಕೂಡ ಇವೇ ಕಾರಣ ಇರಬೇಕು ಅಂದರು.

ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆಂದೇ 2012ರಲ್ಲಿ ಧಾಮ ಮಾಡಿದ್ದು ಕೇಳಿರಬಹುದು. ಆ ಹಕ್ಕಿಗಳ ವಂಶ ನಮ್ಮ ದೇಶದಲ್ಲಿ ಅಷ್ಟೊಂದು ನಾಶವಾಗಲು ಮುಖ್ಯ ಕಾರಣ ಇದೇ ಡೈಕ್ಲೋಫೆನಾಕ್. ದನಗಳಿಗೆ ಕೊಟ್ಟಿದ್ದು, ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ನಾವೇನೂ ಹದ್ದುಗಳಲ್ಲ, ನಮಗೆ ಅಷ್ಟು ಬೇಗ ಹಾಗಾಗುವುದಿಲ್ಲ. ಆದರೂ ಮೂತ್ರಪಿಂಡ ಮೊದಲೇ ಸೋತವರು, ವಾಂತಿಭೇದಿಯಾಗಿ ಮೈಯ ನೀರು ಬತ್ತಿದವರು ಇದನ್ನು ನುಂಗಬಾರದು.

ಹಾಗಂತ ಮಾತ್ರೆಯನ್ನು ಬೈಯಬೇಡಿ. ಒಳ್ಳೆಯ ಔಷಧವೇ. ಕೀಲು ಊದಿ ಬಿಸಿಯಾಗಿ ನರಳುವವರಿಗೆ ಕೆಲವು ದಿನ ಕೊಟ್ಟರೆ ದೇವರು ಬಂದ ಹಾಗೆ. ಕೈಬೆರಳು, ಮಣಿಕಟ್ಟು ಎಲ್ಲ ಊದುವ ರುಮಟಾಯ್ಡ್ ಸಂಧಿವಾತದಲ್ಲಿ ಮಾತ್ರ ಇದು ನೋವು ತಗ್ಗಿಸುತ್ತದೆ, ಕಾಯಿಲೆ ತಡೆಯುವುದಿಲ್ಲ. ಅದಕ್ಕೆ ಬೇರೆ ಔಷಧವೇ ಬೇಕು. ಇನ್ನು ಸಂತೆಯಲ್ಲಿ ಮಾರುವ ವಾತದ ಪುಡಿಗಳ ಹತ್ತಿರ ಹೋಗಬೇಡಿ. ಎಷ್ಟೋ ಪುಡಿಗಳಿಗೆ ಸ್ಟಿರಾಯ್ಡ್ ಬೆರೆಸಿರುತ್ತಾರೆ.

ಕಾಗದ ಬರೆದ ಸೋದರಿ, ಅತ್ತೆಯವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಎಲೆಅಡಿಕೆ ಚೀಲವನ್ನೂ ಮೆಲ್ಲಗೆ ನೋಡಿಬಿಡಿ. ಹಿಂದೆ ಹುಣ್ಣಾಗಿತ್ತೇ, ಬಿಪಿ ಇದೆಯೇ, ಹೃದಯದ ಮಾತ್ರೆ ಇದೆಯೇ ಎಲ್ಲ ಹೇಳಿ. ಎಷ್ಟು ದಿನ ಕೊಡಬೇಕು, ಹೊಟ್ಟೆ ಕಾಯುವ ಮಾತ್ರೆ ಜೊತೆಗೆ ಬೇಕೇ ಅಂತ ಬಾಯಿಬಿಟ್ಟು ಕೇಳಿ. ಹೃದಯಕ್ಕೆ ಕೊಟ್ಟ ಆಸ್ಪಿರಿನ್ ಅನ್ನು ಹೆದರಿಕೊಂಡು ನೀವಾಗಿ ನಿಲ್ಲಿಸಬೇಡಿ. ಕಪ್ಪು ಮಲ ಕಂಡರೆ ಮಾತ್ರ ಅವತ್ತೇ ಆಸ್ಪತ್ರೆಗೆ.

ಈಗ ನಮ್ಮತ್ತೆಗೆ ಡೈಕ್ಲೋಫೆನಾಕ್‌ನ ಮುಲಾಮು. ಮಂಡಿಗೆ ಹಚ್ಚಿದ್ದು ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಅದನ್ನೂ ಡಾಕ್ಟರಮ್ಮನನ್ನು ಕೇಳಿಯೇ ಹಚ್ಚುವುದು. ಬೆಳಿಗ್ಗೆ ಸಂಜೆ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸುತ್ತಾರೆ. ತೊಡೆಗೆ ಬಲ ಬಂದರೆ ಮಂಡಿಯ ಭಾರ ಇಳಿಯುತ್ತದೆ. ಕೂತೇಳುವ ಕಷ್ಟ ತಪ್ಪಲೆಂದು ಎತ್ತರದ ಕಮೋಡ್ ಹಾಕಿಸಿದೆವು. ಈಳಿಗೆಮಣೆ ಅಟ್ಟ ಸೇರಿತು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ, "ಯಾಕಮ್ಮಾ ಬಚ್ಚಿಟ್ಟುಕೊಂಡು ನುಂಗಿದ್ರಿ?" ಅಂತ. "ನೋವು ಅಂದ್ರೆ ಅಡುಗೆಮನೆಗೆ ಬಿಡಲ್ಲ ನೀನು. ಮೂಲೇಲಿ ಕೂತು ಏನ್ಮಾಡ್ಲಿ?" ಅಂದರು. ನಾನು ಆರಾಮ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ!

ಈಗ ಅಡುಗೆಮನೆಯಲ್ಲೇ ಅವರಿಗೊಂದು ಕುರ್ಚಿ ಹಾಕಿದ್ದೇನೆ. ಅವರೆಕಾಯಿ ಸುಲಿಯುತ್ತಾ ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಹೇಳುತ್ತಿರುತ್ತಾರೆ. ಮುಂದಿನ ಸಂಚಿಕೆಗೆ ಅವರ ಕೈಯ ಹಿತಕಬೇಳೆ ಸಾರನ್ನೇ ಬರೆದು ಕಳಿಸುತ್ತೇನೆ.